ಮಸಿಯೊಳಗೆ ಸಿಕ್ಕ ಬೆಳಕು

ತುಮಕೂರು ಜಿಲ್ಲೆಯ ಗುಬ್ಬಿ ಕಡೆ ಅಡಿಕೆ ಸುಲಿದು ಮುಗಿಯುವ ಹೊತ್ತಿಗೆ ರಸ್ತೆ ಬದಿಯಲ್ಲಿ ಸಿಪ್ಪೆಯ ಗುಡ್ಡೆಗಳು ಏಳುತ್ತವೆ. ಕೆಲವರು ತೋಟಕ್ಕೆ ಹೊದಿಸುತ್ತಾರೆ, ಕೆಲವರು ಬೆಂಕಿ ಇಟ್ಟುಬಿಡುತ್ತಾರೆ. ಕುಣಿಗಲ್ ದಾರಿಯಲ್ಲಿ ಅಂಥ ಹೊಗೆ ಕಂಡಾಗಲೆಲ್ಲ ನನಗೆ ಒಂದು ಪ್ರಯೋಗ ನೆನಪಾಗುತ್ತದೆ. ಅದೂ ಮಸಿಯಿಂದಲೇ ಶುರುವಾದದ್ದು.

ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಸ್ಕ್ರಿವೆನ್ಸ್ ಮತ್ತು ಸಂಗಡಿಗರಿಗೆ ಬೇಕಿದ್ದದ್ದು ಶುದ್ಧ ಕಾರ್ಬನ್ ನ್ಯಾನೊ ಕೊಳವೆಗಳು. ವಿದ್ಯುತ್ ಕಿಡಿಯಿಂದ ಬಂದ ಮಸಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ, ಕ್ಷಾರದ ನೀರಿಗೆ ಇಳಿಸಿ, ಅಗರೋಸ್ ಜೆಲ್ ಮೇಲೆ ವಿದ್ಯುತ್ ಹಾಯಿಸಿದರು. ಜೆಲ್‌ನಲ್ಲಿ ಎಲ್ಲಕ್ಕಿಂತ ಮುಂದೆ ಓಡಿದ ಒಂದು ಪಟ್ಟಿ ನೇರಳಾತೀತ ಬೆಳಕಿನಲ್ಲಿ ಹೊಳೆಯಿತು. ಅದು ಅವರು ಬೇಡವೆಂದು ಬೇರ್ಪಡಿಸುತ್ತಿದ್ದ ಕಲ್ಮಶ. ಅದನ್ನು ಚೆಲ್ಲದೆ, ಗಾತ್ರದ ಪ್ರಕಾರ ಮತ್ತೆ ವಿಂಗಡಿಸಿದರು: ಹಸಿರು ನೀಲಿ, ಹಳದಿ, ಕಿತ್ತಳೆ. 2004ರಲ್ಲಿ ಅದನ್ನು ಪ್ರಕಟಿಸಿದರು. ನನ್ನ ಮಟ್ಟಿಗೆ ಈ ಕತೆಯ ದೊಡ್ಡ ಕ್ಷಣ ಅದೇ.

ಹೆಸರು ಬಂದದ್ದು 2006ರಲ್ಲಿ. ಅದೇ ರಾಜ್ಯದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಯಾ ಪಿಂಗ್ ಸುನ್ ತಂಡ ಕಣಗಳ ಮೈಗೆ ಪಾಲಿಮರ್ ಹೊದಿಸಿ ಹೊಳಪು ಹೆಚ್ಚಿಸಿತು, ಕಾರ್ಬನ್ ಡಾಟ್ ಎಂದು ಕರೆಯಿತು. ಒಂದೊಂದೂ ಸಾಮಾನ್ಯವಾಗಿ 10 ನ್ಯಾನೊಮೀಟರ್‌ಗಿಂತ ಚಿಕ್ಕದು.

2012ರಲ್ಲಿ ಸುದ್ದಿ ನಮ್ಮ ದೇಶದಿಂದಲೇ ಬಂತು. ರೂರ್ಕೆಲಾ ಎನ್‌ಐಟಿಯ ಸಸ್ಮಿತಾ ಮೊಹಾಪಾತ್ರ ಮತ್ತು ಸಹ ಸಂಶೋಧಕರು ಕಿತ್ತಳೆ ರಸವನ್ನು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂವರೆ ಗಂಟೆ ಬೇಯಿಸಿ ಹೊಳೆಯುವ ಕಾರ್ಬನ್ ಡಾಟ್ ಮಾಡಿದ್ದರು! ವಿದ್ಯುತ್ ಕಿಡಿ ಬೇಡ. ಅಲ್ಲಿಂದ ಜಗತ್ತಿನ ಪ್ರಯೋಗಾಲಯಗಳು ತಮ್ಮ ಸುತ್ತಲಿನ ಸಿಪ್ಪೆ, ಹೊಟ್ಟು, ಎಲೆಗಳ ಕಡೆ ನೋಡತೊಡಗಿದವು.

ವಿಧಾನ ಅಡುಗೆಮನೆಯ ಕುಕ್ಕರ್‌ಗೆ ದೂರದ್ದಲ್ಲ. ಪುಡಿ ಮಾಡಿದ ಸಿಪ್ಪೆಯನ್ನು ನೀರಿನೊಂದಿಗೆ ಟೆಫ್ಲಾನ್ ಒಳಪದರದ ಉಕ್ಕಿನ ಪಾತ್ರೆಗೆ ಹಾಕಿ, ಬಿಗಿಯಾಗಿ ಮುಚ್ಚಿ, ಸುಮಾರು 180ರಿಂದ 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ನಾರಿನ ಸೆಲ್ಯುಲೋಸ್ ಒಡೆದು ಸಕ್ಕರೆಯಾಗುತ್ತದೆ, ಸಕ್ಕರೆ ನೀರು ಕಳೆದುಕೊಂಡು ಇಂಗಾಲದ ಕಣವಾಗಿ ಕೂಡಿಕೊಳ್ಳುತ್ತದೆ. ಸೋಸಿದ ಕಂದು ನೀರು ನೋಡಲು ಡಿಕಾಕ್ಷನ್. ನೇರಳಾತೀತ ದೀಪ ಹಿಡಿದರೆ ಹೆಚ್ಚಾಗಿ ನೀಲಿಯಾಗಿ ಹೊಳೆಯುತ್ತದೆ.

ಹೊಳಪೇ ವಿದ್ಯುತ್ತಲ್ಲ. ಸಾಮಾನ್ಯ ಸೌರಕೋಶಕ್ಕೆ ನೇರಳಾತೀತ ಕಿರಣ ಅಷ್ಟಾಗಿ ದಕ್ಕುವುದಿಲ್ಲ. ಕಾರ್ಬನ್ ಡಾಟ್ ಅದನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಬಿಡುವುದರಿಂದ ಕೋಶದ ಮೇಲೆ ಲೇಪಿಸಿ ನೋಡುತ್ತಿದ್ದಾರೆ. ವಿದ್ಯುತ್ ಕೂಡಿಡುವ ಸೂಪರ್ ಕೆಪಾಸಿಟರ್‌ನಲ್ಲಂತೂ ತೆಂಗಿನ ಚಿಪ್ಪಿನ ಇದ್ದಿಲು ಆಗಲೇ ಬಳಕೆಯಲ್ಲಿದೆ. ಅದರ ವಿದ್ಯುದ್ವಾರಕ್ಕೆ ಈ ಕಣ ಸೇರಿಸುವ ಪ್ರಯತ್ನವೂ ನಡೆದಿದೆ. ತೊಡಕು ಬೇರೆ ಕಡೆ ಇದೆ: ಒಂದು ಪಾತ್ರೆಯಲ್ಲಿ ಸಿಗುವ ಕಣ ಅಲ್ಪ, ಒಂದು ಸಲ ಬಂದ ಹೊಳಪು ಇನ್ನೊಂದು ಸಲ ಬರುವುದಿಲ್ಲ. ಹಸಿ ಅಡಿಕೆಯ ಸಿಪ್ಪೆ, ಹಣ್ಣಾಗಿ ಒಣಗಿದ ಗೋಟಡಿಕೆಯ ಸಿಪ್ಪೆ ಒಂದೇ ಅಲ್ಲವೆಂದು ಸುಲಿಯುವವರ ಕೈಗೆ ಗೊತ್ತು. ಪ್ರಯೋಗದ ಮೇಜಿಗೆ ಆ ತಿಳಿವಳಿಕೆಯೂ ಬೇಕು.

ಅಂಥ ಮೇಜಿಗಾಗಿ ದೂರ ಹೋಗಬೇಕಿಲ್ಲ: ತುಮಕೂರಿನಲ್ಲಿ 1963ರಿಂದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿದೆ. ಆ ಪಟ್ಟಿ ಹೊಳೆದ ಸುದ್ದಿ ಪ್ರಕಟವಾದ 2004ರಲ್ಲೇ ತುಮಕೂರು ವಿಶ್ವವಿದ್ಯಾನಿಲಯವೂ ಶುರುವಾಯಿತು. ಸಿಪ್ಪೆಯ ಗುಡ್ಡೆ ಇಲ್ಲಿಂದ ಬಸ್ಸಿನ ದೂರದಲ್ಲಿದೆ.