ತಿಮ್ಮನನ್ನು ಬಲ್ಲಿರಿ, ಬೀಚಿಯನ್ನು?

ಹಾಸ್ಯೋತ್ಸವ ರಾಜಾಜಿನಗರದಲ್ಲೇ ನಡೆಯಲಿ, ಬಸವೇಶ್ವರನಗರದಲ್ಲೇ ನಡೆಯಲಿ, ತಿಮ್ಮ ಬಾರದೆ ಸಭೆ ರಂಗೇರುವುದಿಲ್ಲ. ‘ಅಭಿನವ ಬೀಚಿ’ ಎಂದೇ ಹೆಸರಾದ ಗಂಗಾವತಿ ಪ್ರಾಣೇಶ್ ಅವರಿಂದಾಗಿ ಓದದವರಿಗೂ ತಿಮ್ಮ ಪರಿಚಿತ. ಆದರೆ ಅವನನ್ನು ಹುಟ್ಟಿಸಿದ ಲೇಖಕನ ಪುಸ್ತಕ ಓದಿದವರೆಷ್ಟು ಮಂದಿ?

ರಾಯಸಂ ಭೀಮಸೇನರಾವ್ ಹುಟ್ಟಿದ್ದು 1913ರಲ್ಲಿ, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿಯಲ್ಲಿ. ಎಳವೆಯಲ್ಲೇ ತಂದೆಯ ಆಸರೆ ತಪ್ಪಿತು. ಬಡತನದಲ್ಲಿ ಬೆಳೆದು, ಹೊಟ್ಟೆಪಾಡಿಗೆ ಪೊಲೀಸ್ ಇಲಾಖೆಯ ಗುಮಾಸ್ತರಾದರು. ಇಂಗ್ಲಿಷ್ ಸಾಹಿತ್ಯದ ಮೋಹ ಹತ್ತಿತ್ತು. ಕನ್ನಡದಲ್ಲಿ ಓದುವಂಥದ್ದೇನಿದೆ ಎಂಬ ತಾತ್ಸಾರವೂ ಇತ್ತು. ಆ ತಾತ್ಸಾರವನ್ನು ಅಳಿಸಿದ್ದು ಅ.ನ.ಕೃ. ಅವರ ‘ಸಂಧ್ಯಾರಾಗ’. ಅಲ್ಲಿಂದ ಮುಂದೆ ಕನ್ನಡ ಅವರನ್ನು ಬಿಡಲಿಲ್ಲ, ಅವರೂ ಕನ್ನಡವನ್ನು ಬಿಡಲಿಲ್ಲ. ಆದರೂ ಕಾವ್ಯನಾಮದಲ್ಲಿ ‘ಬೀ’ ಮಾತ್ರ ಕನ್ನಡದಲ್ಲಿ. ‘ಚಿ’ ಇಂಗ್ಲಿಷ್ ಅಕ್ಷರಗಳಲ್ಲಿ! ನಮ್ಮೆಲ್ಲರ ಎರಡು ದೋಣಿಯ ಪಯಣಕ್ಕೆ ಇದಕ್ಕಿಂತ ಚುಟುಕಾದ ವ್ಯಂಗ್ಯ ಬೇಕೆ?

ಪದವನ್ನು ಮುರಿದು ಹೊಸ ಅರ್ಥ ಹಿಂಡುವುದು ಬೀಚಿಯವರ ವರಸೆ. ಆತ್ಮಕಥೆಗೆ ಅವರಿಟ್ಟ ಹೆಸರು ‘ನನ್ನ ಭಯಾಗ್ರಫಿ’. ನಗುತ್ತೇವೆ, ನಿಜ, ಆದರೆ ತನ್ನ ಬದುಕನ್ನು ತಾನೇ ಬಿಚ್ಚಿಡುವವನ ಭಯವೂ ಅಲ್ಲಿದೆ. ಡಿ.ವಿ.ಜಿ.ಯವರ ಮಂಕುತಿಮ್ಮ ತತ್ತ್ವ ಹೇಳಿದರೆ, ‘ಅಂದನಾ ತಿಮ್ಮ’ದಲ್ಲಿ ಬೀಚಿಯವರ ತಿಮ್ಮ ತುಂಟತನದಲ್ಲೇ ತತ್ತ್ವ ಹೇಳುತ್ತಾನೆ.

ಕಥೆಯಿಂದ ಕಥೆಗೆ ತಿಮ್ಮನ ವೇಷ ಬದಲು. ಒಮ್ಮೆ ಆಳು, ಒಮ್ಮೆ ಕುಡುಕ, ಇನ್ನೊಮ್ಮೆ ಕಟಕಟೆಯಲ್ಲಿ ನಿಂತ ಆರೋಪಿ. ಪೆದ್ದನಂತೆ ಒಂದು ಪ್ರಶ್ನೆ ಕೇಳುತ್ತಾನೆ. ಎದುರಿಗಿರುವ ದೊಡ್ಡವರ ಬಣ್ಣ ಬಯಲಾಗುತ್ತದೆ. ಅಧಿಕಾರವನ್ನು ಗುಮಾಸ್ತನ ಕುರ್ಚಿಯಿಂದ ಕಂಡವರಿಗಲ್ಲದೆ ಇಷ್ಟು ನೇರವಾದ ಏಟು ಯಾರಿಗೆ ಒಲಿದೀತು?

‘ಸತೀಸೂಳೆ’ ಎಂಬ ಕಾದಂಬರಿಯ ಹೆಸರನ್ನೇ ನೋಡಿ. ಸಮಾಜ ದೂರದೂರ ಇಟ್ಟ ಎರಡು ಪದಗಳನ್ನು ಒಟ್ಟಿಗೆ ಕೂರಿಸಿದ ಕೈ ಬರೀ ನಗಿಸಲು ಹೊರಟಿದ್ದಲ್ಲ. ‘ಸುಧಾ’ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಕೊಟ್ಟ ಚುರುಕು ಉತ್ತರಗಳಿಂದ ‘ಉತ್ತರಭೂಪ’ರೂ ಆದರು. ಆ ಜನಪ್ರಿಯತೆಯೇ ಕೊನೆಗೆ ಅವರಿಗೆ ಮುಳುವಾಯಿತೇನೋ! 1980ರ ಡಿಸೆಂಬರಿನಲ್ಲಿ ಬೀಚಿ ತೀರಿಕೊಂಡರು. ಜೋಕುಗಳು ಬಾಯಿಂದ ಬಾಯಿಗೆ ಹರಿದವು, ಕಾದಂಬರಿಗಳು ಕಪಾಟು ಸೇರಿದವು. ಜೋಕು ಹೇಳುವಾಗ ಅದರ ಹಿಂದಿನ ಸಿಟ್ಟು ಸೋರಿಹೋಗುತ್ತದೆ, ನಗುವಷ್ಟೇ ಉಳಿಯುತ್ತದೆ.

ತಿಮ್ಮನ ಮಾತಿಗೆ ಮತ್ತೊಮ್ಮೆ ನಕ್ಕಾಗ, ಮರುದಿನ ನಿಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ‘ನನ್ನ ಭಯಾಗ್ರಫಿ’ ಕೇಳಿ ನೋಡಿ. ತಿಮ್ಮ ಯಾಕೆ ಹಾಗೆ ಮಾತಾಡುತ್ತಾನೆಂಬುದು ಅಲ್ಲಿ ತಿಳಿಯುತ್ತದೆ.