ತುಟಿಗೆ ಒಪ್ಪುವ ಬಟ್ಟಲು

ಜಗಳೂರು ತಾಲ್ಲೂಕಿನ ಬಿಳಿಚೋಡಿನಂಥ ಊರುಗಳಿಗೆ ಕೊಂಬಿನ ಕೂಗು ಹೊಸದಲ್ಲ. ಜಾತ್ರೆಯಲ್ಲಿ ಕೊಂಬು ಊದುವವರನ್ನು ಹತ್ತಿರದಿಂದ ನೋಡಿ. ಆ ಬಾಗಿದ ವಾದ್ಯಕ್ಕೆ ಬೆರಳಾಡಿಸುವ ತೂತಿಲ್ಲ, ಓಲಗಕ್ಕಿರುವಂಥ ಪೀಪಿಯೂ ಇಲ್ಲ. ಕಿರಿದಾದ ತುದಿಯನ್ನು ತುಟಿಗೊತ್ತಿ, ತುಟಿಯನ್ನೇ ಅದುರಿಸಬೇಕು. ಬಿಗಿ ಮಾಡಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ.

ಪಾಶ್ಚಾತ್ಯ ವಾದ್ಯವೃಂದದ ಫ್ರೆಂಚ್ ಹಾರ್ನ್ ಇದರದೇ ನೆಂಟ. ಬೇಟೆಯ ಕಹಳೆಯಾಗಿದ್ದ ಅದಕ್ಕೆ ವಾಲ್ವ್‌ಗಳು ಸೇರಿದ್ದು 19ನೇ ಶತಮಾನದಲ್ಲಿ. ಈ ವಾದ್ಯಕ್ಕೂ ಕನ್ನಡ ನಾಡಿಗೂ ಒಂದು ನಂಟಿದೆ. ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ, ಖರ್ಚಿಗೆ ಬೆನ್ನಾಗಿ ನಿಂತವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಅವುಗಳಲ್ಲಿ ‘ಸೆಪ್ಟೆಂಬರ್’ ಎಂಬ ಹಾಡು ಮುಗಿಯುವುದು ಒಂಟಿ ಹಾರ್ನಿನ ದನಿಯಲ್ಲಿ. ಮಾತು ಮುಗಿದ ಮೇಲೂ ಮನುಷ್ಯನೇ ಹಾಡುತ್ತಿದ್ದಾನೆ ಅನ್ನಿಸುವ ದನಿ ಅದು.

ಆ ದನಿಯ ಮೆದುತನಕ್ಕೆ ತುಟಿಗೆ ಒತ್ತಿ ಊದುವ ಮೌತ್‌ಪೀಸ್‌ನ ಆಕಾರವೂ ಒಂದು ಕಾರಣ. ಟ್ರಂಪೆಟ್ಟಿನದು ಬಟ್ಟಲಿನಂತೆ ಗುಂಡಗಿದ್ದರೆ ಹಾರ್ನಿನದು ಆಲಿಕೆಯಂತೆ ಆಳವಾಗಿ ಇಳಿಯುತ್ತದೆ. ಆಳ ಹೆಚ್ಚಿದಷ್ಟೂ ನಾದ ಗಾಢ, ಕಡಿಮೆಯಾದಷ್ಟೂ ಹೊಳಪು.

ಆದರೆ ಮೌತ್‌ಪೀಸ್ ಕೊಳ್ಳುವಾಗ ಆಯ್ಕೆ ಅಂಚಿನಿಂದಲೇ ಶುರುವಾಗಬೇಕು, ಏಕೆಂದರೆ ತುಟಿಗೆ ತಾಗುವುದು ಅದು. ಒಳ ಅಗಲ ಸಾಮಾನ್ಯವಾಗಿ 17ರಿಂದ 18 ಮಿಲಿಮೀಟರ್. ಅರ್ಧ ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಕಾಣದಿದ್ದರೂ ತುಟಿಗೆ ತಕ್ಷಣ ತಿಳಿಯುತ್ತದೆ. ಮೂರರಲ್ಲಿ ಎರಡು ಪಾಲು ಮೇಲ್ದುಟಿಯ ಮೇಲೆ, ಒಂದು ಪಾಲು ಕೆಳದುಟಿಯ ಮೇಲೆ ಕೂರಿಸುವುದು ವಾಡಿಕೆ. ತುಟಿ ದಪ್ಪಗಿದ್ದವರಿಗೆ ಕಿರಿದಾದ ಒಳ ಅಗಲ ಉಸಿರು ಕಟ್ಟಿದಂತೆ ಮಾಡುತ್ತದೆ. ಅಂಚಿನ ಪಟ್ಟಿಯೇ ಅಗಲವಾಗಿದ್ದರೆ ಹೆಚ್ಚು ಹೊತ್ತು ದಣಿಯದೆ ಊದಬಹುದು, ಆದರೆ ಸ್ವರದಿಂದ ಸ್ವರಕ್ಕೆ ಜಾರುವುದು ಕಷ್ಟ.

ಒಳಗಿನ ತೂತು 4ರಿಂದ 5 ಮಿಲಿಮೀಟರ್. ದೊಡ್ಡದಾದರೆ ಗಾಳಿ ಸಲೀಸಾಗಿ ಹೋಗುತ್ತದೆ, ಮೇಲಿನ ಸ್ವರಗಳು ಮಾತ್ರ ಹಿಡಿತ ತಪ್ಪುತ್ತವೆ. ಮೌತ್‌ಪೀಸ್‌ನ ಬಾಲ, ಎಂದರೆ ವಾದ್ಯಕ್ಕೆ ಸಿಕ್ಕಿಸುವ ತುದಿ, ವಾದ್ಯದೊಳಗೆ ಅಲುಗಾಡದೆ ಕೂರಬೇಕು. ಅಲುಗಾಡಿದರೆ ಕಾಗದದ ತೆಳು ಪಟ್ಟಿ ಸುತ್ತಿ ಊದಿ ನೋಡಿ. ದನಿ ಸುಧಾರಿಸಿದರೆ ದೋಷ ನಿಮ್ಮ ತುಟಿಯದಲ್ಲ, ಬಾಲದ ಅಳತೆಯದು.

ಅಂಗಡಿಯಲ್ಲಿ ಜೋರಾಗಿ ಒಮ್ಮೆ ಊದಿ ತೀರ್ಮಾನಿಸುವುದು ತಪ್ಪು. ಹೊಸ ಮೌತ್‌ಪೀಸ್ ಮೊದಲ ಐದು ನಿಮಿಷ ಎಲ್ಲರನ್ನೂ ಮೆಚ್ಚಿಸುತ್ತದೆ. ಕೆಳಗಿನ ಸ್ವರವೊಂದನ್ನು ತೀರ ಮೆಲ್ಲಗೆ ಎತ್ತಿಕೊಳ್ಳಿ. ಉಸಿರು ಬಿಟ್ಟ ಕ್ಷಣವೇ ನಾದ ಹೊರಡುತ್ತದೆಯೇ, ಬರೀ ಗಾಳಿ ಬರುತ್ತದೆಯೇ ಗಮನಿಸಿ. ತುಟಿ ದಣಿದ ಮೇಲೆ ಮತ್ತೆ ಅದನ್ನೇ ಊದಿ. ದಣಿದ ತುಟಿಗೂ ಒಲಿಯುವುದೇ ನಿಮ್ಮದು. ಹೆಸರಾಂತ ವಾದಕರು ಬಳಸುವುದು ಅವರ ಹಲ್ಲು, ತುಟಿಗೆ ಹೊಂದಿದ್ದು. ಅದನ್ನು ನೋಡಿ ಕೊಳ್ಳಬೇಡಿ. ಹಿತ್ತಾಳೆ ತಾಗಿ ತುಟಿ ಉರಿಯುವವರು ಚಿನ್ನದ ಲೇಪದ್ದನ್ನು ಆರಿಸಿಕೊಳ್ಳಲಿ.

ಇಷ್ಟಕ್ಕೂ ಮೊದಲು, ಈಗಿರುವುದನ್ನೇ ಉಗುರುಬೆಚ್ಚಗಿನ ನೀರಿನಲ್ಲಿ ಸಣ್ಣ ಬ್ರಷ್ ಹಾಕಿ ತೊಳೆದು, ಇನ್ನೊಮ್ಮೆ ಊದಿ ನೋಡಿ.