ಹೆರಿಗೆಯಲ್ಲಿ ಎಪಿಡ್ಯೂರಲ್: ಅಪಾಯ ಇರುವುದು ಬರೀ ಸೂಜಿಯಲ್ಲಲ್ಲ

‘ಬೆನ್ನಿಗೆ ಇಂಜೆಕ್ಷನ್ ಹಾಕಿಸ್ಕೊಂಡ್ರೆ ಜೀವನಪೂರ್ತಿ ಬೆನ್ನುನೋವು’ ಅನ್ನೋದು ಗರ್ಭಿಣಿಯರಿಗೆ ಸಿಗುವ ಪುಕ್ಕಟೆ ಸಲಹೆ. ಎಪಿಡ್ಯೂರಲ್‌ನಿಂದ ದೀರ್ಘಕಾಲದ ಬೆನ್ನುನೋವು ಬರುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಹಾಗಂತ ತೊಡಕುಗಳೇ ಇಲ್ಲ ಅಂತಲ್ಲ. ಅವು ಎಲ್ಲಿಂದ ಬರುತ್ತವೆ ಅನ್ನೋದು ಗೊತ್ತಿರಬೇಕು.

ಎಪಿಡ್ಯೂರಲ್‌ನಲ್ಲಿ ಸೊಂಟದ ಮೂಳೆಗಳ ನಡುವೆ ಸೂಜಿ ಹಾಕಿ, ಬೆನ್ನುಹುರಿಯ ಪೊರೆಯ ಹೊರಗಿನ ಕಿರಿದಾದ ಜಾಗಕ್ಕೆ ತೆಳು ಕೊಳವೆ ಇಳಿಸುತ್ತಾರೆ. ಅದರ ಮೂಲಕ ಮರಗಟ್ಟಿಸುವ ಔಷಧ ಹೋಗುತ್ತದೆ. ಬಿಪಿ ಇಳಿಯುವುದು ಸಾಮಾನ್ಯ. ಗಮನಿಸುತ್ತಿದ್ದರೆ ಕೂಡಲೇ ಸರಿಪಡಿಸಬಹುದು. ಸೂಜಿ ಪೊರೆಯನ್ನೇ ಚುಚ್ಚಿದರೆ ತೀವ್ರ ತಲೆನೋವು ಬರುತ್ತದೆ. ಇದು ಸುಮಾರು 100ರಲ್ಲಿ ಒಬ್ಬರಿಗೆ ಆಗಬಹುದು. ಕೊಳವೆ ರಕ್ತನಾಳದೊಳಗೆ ಹೋಗಿದ್ದು ಗೊತ್ತಾಗದೇ ಇದ್ದರೆ ಔಷಧ ಹೃದಯಕ್ಕೇ ವಿಷವಾಗುತ್ತದೆ.

ಕೆಲವರಲ್ಲಿ ಅಪಾಯ ಹೆಚ್ಚು. ಬೆನ್ನುಮೂಳೆ ಡೊಂಕಾಗಿದ್ದರೆ ಅಥವಾ ದೇಹದ ತೂಕ ತುಂಬಾ ಇದ್ದರೆ ಸರಿಯಾದ ಜಾಗ ಸಿಗುವುದು ಕಷ್ಟ. ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದರೆ ಅಥವಾ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ಒಳಗೆ ರಕ್ತಸ್ರಾವವಾಗಿ ನರಗಳ ಮೇಲೆ ಒತ್ತಡ ಬೀಳಬಹುದು. ಇದು ಅಪರೂಪ, ಆದರೆ ಗಂಭೀರ. ಗರ್ಭಿಣಿಯರ ಬಿಪಿ ಸಮಸ್ಯೆ ಉಲ್ಬಣಿಸಿದಾಗ ಪ್ಲೇಟ್‌ಲೆಟ್ ಕುಸಿಯಬಹುದಾದ್ದರಿಂದ ಅಂಥವರಿಗೆ ಮೊದಲೇ ರಕ್ತಪರೀಕ್ಷೆ ಬೇಕು.

ಇಲ್ಲಿಯವರೆಗೆ ಹೇಳಿದ್ದು ದೇಹದ ಮತ್ತು ಸೂಜಿಯ ಕತೆ. ಇನ್ನೊಂದು ಕತೆ ವ್ಯವಸ್ಥೆಯದ್ದು. 2004ರಲ್ಲಿ ಇಂಗ್ಲೆಂಡಿನ ಸ್ವಿಂಡನ್‌ನ ಆಸ್ಪತ್ರೆಯೊಂದರಲ್ಲಿ ಫಿಲಿಪೀನ್ಸ್ ಮೂಲದ ನರ್ಸ್ ಒಬ್ಬರು ಗಂಡುಮಗುವಿಗೆ ಜನ್ಮ ಕೊಟ್ಟ ಸ್ವಲ್ಪ ಹೊತ್ತಲ್ಲೇ ತೀರಿಕೊಂಡರು. ಅವರು ಕೆಲಸ ಮಾಡುತ್ತಿದ್ದದ್ದೂ ಅದೇ ಆಸ್ಪತ್ರೆಯಲ್ಲೇ. ಬೆನ್ನಿಗೆ ಹೋಗಬೇಕಿದ್ದ ಬುಪಿವಕೇನ್ ಔಷಧದ ಚೀಲವನ್ನು ತಪ್ಪಿ ಕೈಯ ರಕ್ತನಾಳಕ್ಕೆ ಜೋಡಿಸಲಾಗಿತ್ತು. ಮೇಲ್ನೋಟಕ್ಕೆ ಒಬ್ಬ ಸಿಬ್ಬಂದಿಯ ಕೈತಪ್ಪು. ಆದರೆ 2008ರ ವಿಚಾರಣೆಯಲ್ಲಿ ಜ್ಯೂರಿ ಇದನ್ನು ಕಾನೂನುಬಾಹಿರ ಹತ್ಯೆ ಎಂದು ತೀರ್ಮಾನಿಸಿತು. ಔಷಧ ಇಡುವ ವ್ಯವಸ್ಥೆಯಲ್ಲೇ ಆಸ್ಪತ್ರೆಯ ಘೋರ ನಿರ್ಲಕ್ಷ್ಯ ಇತ್ತು ಎಂದಿತು.

ಬೆನ್ನಿನ ಕೊಳವೆಗೂ ಕೈಯ ಡ್ರಿಪ್‌ಗೂ ಒಂದೇ ಥರದ ಜೋಡಣೆ ಇದ್ದರೆ ಇಂಥ ತಪ್ಪು ಮತ್ತೆ ಆಗಬಹುದು. ಡ್ರಿಪ್‌ಗೆ ಕೂರದಂಥ ಪ್ರತ್ಯೇಕ ಜೋಡಣೆಗೆ 2016ರಲ್ಲಿ ಅಂತಾರಾಷ್ಟ್ರೀಯ ಮಾನದಂಡವೇ ಬಂದಿದೆ.

ಹಾಗಾಗಿ ‘ಎಪಿಡ್ಯೂರಲ್ ಸೇಫಾ?’ ಅಂತಷ್ಟೇ ಕೇಳಿದರೆ ಸಾಲದು. ಅರಿವಳಿಕೆ ತಜ್ಞರು ರಾತ್ರಿಯೂ ಇರ್ತಾರಾ? ಔಷಧ ಶುರುವಾದ ಮೇಲೆ ಬಿಪಿ, ಮಗುವಿನ ಎದೆಬಡಿತ ನೋಡೋರು ಯಾರು? ಆ ಔಷಧವನ್ನು ಬೇರೆ ಕಪಾಟಿನಲ್ಲಿ ಇಡ್ತಾರಾ? ನೋವು ಕಡಿಮೆ ಮಾಡಿಸಿಕೊಳ್ಳುವುದು ತಾಯಿಯ ಹಕ್ಕು. ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ಆಸ್ಪತ್ರೆಯ ಹೊಣೆ.